ಬೆಳಕಿಗೆ ಬೆನ್ನು ಮಾಡಬೇಡಿ

ಚೌಳಹಿರಿಯೂರು
12-8-1979
(ಅಂಚೆಗೆ ಹಾಕದೆ ಉಳಿದ ಕಾಗದ)

ತರೀಕೆರೆಯ ಅಣ್ಣ ಪಂಚಾಕ್ಷರಪ್ಪನವರ ಪಾದಕ್ಕೆ ತಂಗಿ ತೀರ್ಥಮ್ಮನ ಶರಣು.

ನಿನ್ನೆ ಸಂಜೆ ಮೈಸೂರಿನಿಂದ ಬಂದೆವು. ಶಿವಲೀಲಳ ಕಿವಿ ತೋರಿಸಲು ಹೋಗಿದ್ದೆವು. ಮೂರು ವರ್ಷ ತುಂಬಿದರೂ ಮಗಳಿಗೆ ಮಾತು ಬಂದಿಲ್ಲವೆಂಬುದು ನಿಮಗೂ ಗೊತ್ತು. ಡಾಕ್ಟರಮ್ಮ ಇವಳ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು, ಆಮೇಲೆ ತಮಟೆಯಂಥದೊಂದನ್ನು ಬಡಿದರು. ನಾನು ಬೆಚ್ಚಿಬಿದ್ದೆ. ಇವಳು ನನ್ನ ಬಳೆ ತಿರುಗಿಸುತ್ತಾ ಕೂತಿದ್ದಳು.

ಕಿವಿ ಕೇಳುವುದಿಲ್ಲವಂತೆ. ಯಂತ್ರ ಹಾಕಿದರೂ ಪೂರ್ತಿ ಕೇಳದಂತೆ. ಆದರೆ ಮಾತು ಕಲಿಸಬಹುದು, ಕಲಿಸಬೇಕಾದವಳು ತಾಯಿ, ಐದು ವರ್ಷ ತುಂಬುವುದರೊಳಗೆ ಗಟ್ಟಿಯಾಗಬೇಕು, ತಡ ಮಾಡಿದಷ್ಟೂ ಕಷ್ಟ ಎಂದರು. "ಓದೋಕೆ ಬರುತ್ತೇನಮ್ಮಾ?" ಎಂದು ಕೇಳಿದರು. "ಬರುತ್ತೆ" ಎಂದೆ. ಒಂದು ತೆಳ್ಳನೆಯ ಪುಸ್ತಕ ಕೈಗಿಟ್ಟು, "ಹಾಗಾದ್ರೆ ಇದೇ ನಿಮಗೆ ಮೇಷ್ಟ್ರು" ಎಂದರು. ಮೂರನೆಯ ಕ್ಲಾಸಿಗೆ ಬಿಡಿಸಿ, ಮತ್ತೆ ಸೇರಿಸಿ, ಮತ್ತೆ ಬಿಡಿಸಿದ ನನ್ನ ಓದು ಓದು ಎನಿಸಿಕೊಳ್ಳುತ್ತದೆಯೇ? ಬಸ್ಸಿನುದ್ದಕ್ಕೂ ಅದೇ ಯೋಚನೆ.

ಕಡೂರಿನಲ್ಲಿ ಬಸ್ಸು ಬದಲಾಯಿಸುವಾಗ ಇವರು ನನ್ನನ್ನು ಪಕ್ಕಕ್ಕೆ ಕರೆದರು. "ಕಿವುಡು ಅನ್ನೋ ಮಾತು ನಿನ್ ತವರಿಗೂ ಗೊತ್ತಾಗ್ಬಾರ್ದು ಕಣೇ. ನಿಮ್ಮಣ್ಣನ್ ಮಗಳು ಮಲ್ಲಿಕಾಂಬಂಗೆ ಅಜ್ಜಂಪುರದಲ್ಲಿ ಗಂಡು ನೋಡ್ತಾ ಅವ್ರೆ. ಸೋದರತ್ತೆ ಮಗು ಹಿಂಗೆ ಅಂದ್ರೆ ಯಾರ್ ಮಾಡ್ಕೊಂತಾರೆ?" ಎಂದರು. ಅವರು ಹೇಳಿದ್ದೂ ಸರಿಯೇ.

ಹಾಗಾದರೆ ಈ ಕಾಗದ ಏಕೆ ಬರೆಯುತ್ತಿದ್ದೇನೆ? ಬರೆದರೆ ಮನಸ್ಸು ಹಗುರಾದೀತು ಎಂದುಕೊಂಡೆ, ಆಗಲಿಲ್ಲ. ನಾಳೆ ಬೇರೆಯದನ್ನು ಬರೆಯುತ್ತೇನೆ.


ಚೌಳಹಿರಿಯೂರು
13-8-1979

ಅಣ್ಣನವರಿಗೆ ತೀರ್ಥಮ್ಮನ ಶರಣು.

ಇಲ್ಲಿ ಎಲ್ಲರೂ ಆರಾಮ. ಶಿವಲೀಲ ಆಡಿಕೊಂಡಿದ್ದಾಳೆ. ಮಾತು ತಡವಾಗುತ್ತಿದೆ ಅಷ್ಟೇ. ಅತ್ತೆಯವರು ದಿನಾ ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ.

ಬರೆದ ಕಾರಣ ಬೇರೆ. ನನ್ನ ಕೈಗೆ ಒಂದು ಒಳ್ಳೆಯ ಪುಸ್ತಕ ಬಂದಿದೆ. ಪರವೂರಿನ ಒಬ್ಬ ತಾಯಿ ಕೊಟ್ಟರು. ಅಕ್ಷರ ಕೂಡಿಸಿ ಮೊದಲ ಮಾತು ಓದಿದೆ, ಅರ್ಥ ತಿಳಿಯಲಿಲ್ಲ. ಓದಿದೆ ಎಂದ ಮೇಲೆ ಅರ್ಥ ಹೇಳುವವರು ಬೇಕಲ್ಲ. ಅಮೃತಾಪುರದ ನಮ್ಮ ಮನೆಯಲ್ಲಿ ಶ್ರಾವಣದ ಪುರಾಣಕ್ಕೆ ಅಪ್ಪ ಓದುತ್ತಿದ್ದರು, ನೀವು ಅರ್ಥ ಹೇಳುತ್ತಿದ್ದಿರಿ. ನೀವು ಹೇಳಿ ಮುಗಿಸುವ ತನಕ ಅಪ್ಪ ಮುಂದಿನ ಪದ್ಯಕ್ಕೆ ಹೋಗುತ್ತಿರಲಿಲ್ಲ. ನಾನೂ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ದೇವರ ಜಗುಲಿಯ ಮೇಲೆ ಇಟ್ಟಿದ್ದೇನೆ, ಮುಂದೆ ಓದಿಲ್ಲ. ನನಗೆ ಅಡ್ಡ ಬಂದ ಮಾತು ಇದು:

"ಮಗುವಿನೊಡನೆ ಮಾತನಾಡುವಾಗ ನಿಮ್ಮ ಮುಖದ ಮೇಲೆ ಬೆಳಕು ಬೀಳುತ್ತಿರಲಿ. ಬೆಳಕಿಗೆ ಬೆನ್ನು ಮಾಡಬೇಡಿ."

ಇದರ ಅರ್ಥವೇನು? ದಯವಿಟ್ಟು ಬೇಗ ಬರೆಯಿರಿ. ಬೇಗ ಎಂದದ್ದು ತಪ್ಪಾಗಿದ್ದರೆ ನಿಧಾನವಾಗಿಯೇ ಬರೆಯಿರಿ, ಆದರೆ ಬರೆಯಿರಿ.


ತರೀಕೆರೆ
9-9-1979

ತಂಗಿ ತೀರ್ಥಮ್ಮನಿಗೆ ಪಂಚಾಕ್ಷರಪ್ಪನ ಆಶೀರ್ವಾದ.

ಶ್ರಾವಣವೆಲ್ಲ ಮಠದಲ್ಲಿ ಪುರಾಣ ನಡೆದದ್ದರಿಂದ ಉತ್ತರ ತಡವಾಯಿತು. ಹಗಲು ಬಟ್ಟೆ ಅಂಗಡಿ, ಸಂಜೆ ಅರ್ಥ ಹೇಳುವುದು, ಗಂಟಲು ಕಟ್ಟಿ ಒಂದು ವಾರ ಮಾತೇ ಇರಲಿಲ್ಲ.

ನೀನು ಬರೆದ ಮಾತು ಬಹಳ ದೊಡ್ಡದು. ಯಾವ ಮಠದ ಪ್ರಕಟಣೆ ಎಂದು ತಿಳಿಸಲಿಲ್ಲ. ಇರಲಿ. ಇಂಥ ಮಾತನ್ನು ಮೇಲಿನಿಂದ ನೋಡಬಾರದು. ಮಗು ಎಂದರೆ ನಮ್ಮೊಳಗಿನ ಜೀವ. ಮುಖ ಎಂದರೆ ಮನಸ್ಸು. ಬೆಳಕು ಎಂದರೆ ಅರಿವು. ಅರಿವಿಗೆ ಬೆನ್ನು ಮಾಡಿ ಆಡಿದ ಮಾತು ಜೀವವನ್ನು ಮುಟ್ಟದು ಎಂದು ತಾತ್ಪರ್ಯ. ಸಂಜೆ ಲಿಂಗದ ಮುಂದೆ ದೀಪ ಹಚ್ಚಿ, ಶಿವಲೀಲಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ದೀಪವನ್ನೇ ನೋಡುತ್ತಾ ಈ ಮಾತನ್ನು ಹೇಳಿಕೋ. ಮಗುವಿಗೂ ಒಳ್ಳೆಯದು. ಒಂದು ಮಾತು ಮನಸ್ಸಿಗೆ ಇಳಿಯುವ ಮೊದಲು ಮುಂದಿನದಕ್ಕೆ ಹೋಗಬೇಡ.

ನಿನ್ನ ಅತ್ತಿಗೆ ಸಾವಿತ್ರಮ್ಮನಿಗೂ ಇದನ್ನೆಲ್ಲ ವಿವರಿಸಿದೆ. "ಅರಿವು ಆಮೇಲಾಗ್ಲಿ ಕಣ್ರೀ, ಮೊದ್ಲು ದೀಪಕ್ಕೆ ಎಣ್ಣೆ ತನ್ನಿ" ಎಂದಳು.


ಚೌಳಹಿರಿಯೂರು
30-9-1979

ಅಣ್ಣನವರಿಗೆ ಶರಣು.

ನೀವು ಹೇಳಿದಂತೆಯೇ ಮಾಡುತ್ತಿದ್ದೇನೆ. ದಿನವೂ ಸಂಜೆ ದೀಪದ ಮುಂದೆ ಕೂರುತ್ತೇವೆ. ಶಿವಲೀಲ ನನ್ನ ತೊಡೆಯ ಮೇಲೆ, ಇಬ್ಬರ ಮುಖವೂ ದೀಪದ ಕಡೆಗೆ. ಮೊದಮೊದಲು ನನ್ನ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. ನಾನೇ ಗಲ್ಲ ಹಿಡಿದು ದೀಪದ ಕಡೆ ತಿರುಗಿಸುತ್ತಿದ್ದೆ. ಈಗ ತಿರುಗುವುದನ್ನು ಬಿಟ್ಟಿದ್ದಾಳೆ, ಶಾಂತಳಾಗಿದ್ದಾಳೆ. ಇದು ಗುಣವೋ ಏನೋ ಗೊತ್ತಾಗುತ್ತಿಲ್ಲ.

ನಿಮ್ಮ ಅಪ್ಪಣೆಯಾದ ಮೇಲೆ ಅದೇ ಪುಟದ ಎರಡನೆಯ ಮಾತು ಓದಿದೆ. "ಮಗು ನಿಮ್ಮ ತುಟಿಗಳನ್ನು ಓದಲು ಕಲಿಯುತ್ತದೆ. ಅವಸರಪಡಬೇಡಿ." ಅಣ್ಣಾ, ತುಟಿಯ ಮೇಲೆ ಓದಲು ಏನು ಬರೆದಿರುತ್ತದೆ? ಮೂರು ವರ್ಷದ ಮಗು ಪುಸ್ತಕವನ್ನೇ ಓದಲಾರದು. ಮೊದಲು ಅಕ್ಷರ ಕಲಿಸಬೇಕೇನೋ ಎಂದು ಸ್ಲೇಟಿನ ಮೇಲೆ ಅ, ಆ ಬರೆದು ತೋರಿಸಿದೆ. ಬಳಪವನ್ನು ತಿಂದಳು.

ಕನ್ನಡಿಯಲ್ಲಿ ನನ್ನ ತುಟಿಯನ್ನೇ ನೋಡಿಕೊಳ್ಳುತ್ತಾ ನಿಂತಿದ್ದೆ. ಅತ್ತೆಯವರು, "ತುಟಿ ನೋಡ್ಕೊಂಡ್ ನಿಂತ್ರೆ ಹಿಟ್ಟು ತಾನಾಗೇ ಬೇಯುತ್ತೇನೇ ತೀರ್ಥ? ಈ ವಯಸ್ಸಲ್ಲಿ ಎಂಥ ಸಿಂಗಾರ ನಿಂದು!" ಎಂದರು.


ತರೀಕೆರೆ
2-12-1979

ತಂಗಿ ತೀರ್ಥಮ್ಮನಿಗೆ ಆಶೀರ್ವಾದ.

ಅವಸರಪಡಬೇಡಿ ಎಂದು ನಿನ್ನ ಪುಸ್ತಕವೇ ಹೇಳಿರುವುದರಿಂದ ನಾನೂ ಅವಸರಪಡಲಿಲ್ಲ. ತಮಾಷೆಗೆ ಅಂದೆ, ಕೋಪ ಮಾಡಿಕೊಳ್ಳಬೇಡ. ದೀಪಾವಳಿಯ ವ್ಯಾಪಾರ, ಅದರ ಹಿಂದೆಯೇ ಅಜ್ಜಂಪುರದ ಓಡಾಟ.

ತುಟಿ ಎಂದರೆ ಗುರುವಿನ ವಾಕ್ಯ. ತುಟಿಗಳು ಎರಡು, ಇಹಕ್ಕೆ ಒಂದು, ಪರಕ್ಕೆ ಒಂದು. ಎರಡೂ ಕೂಡಿದಾಗ ಮೌನ, ಬಿಡಿಸಿದಾಗ ಮಾತು. ಜೀವವೆಂಬ ಮಗು ಇದನ್ನು ಜನ್ಮಜನ್ಮಾಂತರದಲ್ಲಿ ಓದಿ ತಿಳಿಯುತ್ತದೆ. ಒಂದು ಜನ್ಮದಲ್ಲಿ ಆಗಬೇಕು ಎಂಬ ಹಟ ಬೇಡ ಎಂದೇ "ಅವಸರಪಡಬೇಡಿ" ಎಂದಿದೆ. ಮಠದಲ್ಲಿಯೂ ಈ ಮಾತು ಎತ್ತಿದೆ, ಹಿರಿಯರು ತಲೆದೂಗಿದರು.

ಅಜ್ಜಂಪುರದವರು ಸಂಕ್ರಾಂತಿ ಕಳೆದ ಕೂಡಲೇ ಮಲ್ಲಿಕಾಂಬಳನ್ನು ನೋಡಲು ಬರುತ್ತಾರೆ. ನೀನು ಬಾ. ಮಗುವನ್ನು ಮಾತ್ರ ಕರೆತರಬೇಡ. ಎರಡೆರಡು ಕಡೆ ಬಸ್ಸು ಬದಲಾಯಿಸಬೇಕು, ಪಾಪ, ಆಯಾಸ.


ಚೌಳಹಿರಿಯೂರು
20-1-1980

ಅಣ್ಣನವರಿಗೆ ಶರಣು.

ಅಜ್ಜಂಪುರದವರು ಒಪ್ಪಿದರು, ವೈಶಾಖದಲ್ಲಿ ಮದುವೆ ಎಂದು ಸುದ್ದಿ ಬಂತು. ಮಲ್ಲಿಕಾಂಬಳಿಗೆ ಒಳ್ಳೆಯದಾಗಲಿ. ನಾನು ಬರಲಾಗಲಿಲ್ಲ. ನಾನು ಕಣ್ಣಿಗೆ ಬೀಳದಿದ್ದರೆ ಶಿವಲೀಲ ಊಟವನ್ನೇ ಮುಟ್ಟುವುದಿಲ್ಲ, ಬಿಟ್ಟು ಬರುವ ಹಾಗಿರಲಿಲ್ಲ. ಅಷ್ಟು ಕೆಲಸದ ನಡುವೆಯೂ ಮಗುವಿನ ಆಯಾಸವನ್ನು ಯೋಚಿಸಿದಿರಲ್ಲ, ಅದು ನನಗೆ ದೊಡ್ಡದು.

ತುಟಿಯ ಅರ್ಥವನ್ನು ಮತ್ತೆ ಮತ್ತೆ ಓದಿದೆ. ಓದುವಾಗ ಸರಿ ಎನ್ನಿಸುತ್ತದೆ. ಕಾಗದ ಮಡಿಚಿ ಮಗುವಿನ ಮುಂದೆ ಕೂತರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಜನ್ಮಜನ್ಮಾಂತರ ಎಂದಿರಿ. ನನಗೆ ಅಷ್ಟು ಸಮಯವಿಲ್ಲ ಅಣ್ಣಾ. ಇವಳಿಗೆ ಆಗಲೇ ಮೂರೂವರೆ. ಏಕೆ ಹೀಗೆ ಬರೆಯುತ್ತೇನೆ ಎಂದು ಕೇಳಬೇಡಿ.

ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.


ಚೌಳಹಿರಿಯೂರು
18-2-1980

ಅಣ್ಣನವರಿಗೆ ಶರಣು. ಇದನ್ನು ಓದುವಾಗ ಅಂಗಡಿಯಲ್ಲಿ ಯಾರೂ ಇಲ್ಲದಿರಲಿ.

ಮೊನ್ನೆ ಶನಿವಾರ ಗ್ರಹಣ ಹಿಡಿಯಿತಲ್ಲ. ಲಿಂಗ ಕಟ್ಟಿದವರಿಗೆ ಗ್ರಹಣದ ಸೂತಕವಿಲ್ಲ ಎಂದು ಇವರು ಎಷ್ಟು ಹೇಳಿದರೂ ಅತ್ತೆಯವರು ಕೇಳಲಿಲ್ಲ. ರೇಡಿಯೋದಲ್ಲೇ ಸೂರ್ಯನನ್ನು ನೋಡಬೇಡಿ ಎಂದಿದ್ದಾರೆ ಎಂದು ಮಧ್ಯಾಹ್ನವೇ ಬಾಗಿಲು ಹಾಕಿಸಿ, ಬೆಳಕಿಂಡಿಗೆ ಗೋಣಿತಾಟು ಹೊದಿಸಿಬಿಟ್ಟರು. ಒಳಗೆ ಗವ್ವೆನ್ನುವ ಕತ್ತಲೆ.

ಶಿವಲೀಲ ಕಿರುಚಲು ಶುರು ಮಾಡಿದಳು. ಅಂಥ ಕಿರುಚಾಟವನ್ನು ನಾನು ಕೇಳಿರಲಿಲ್ಲ. ಎದೆಗೆ ಅವಚಿಕೊಂಡು, "ಇಲ್ಲೇ ಇದೀನಿ ಕಣೇ, ಅಮ್ಮ ಇಲ್ಲೇ ಇದೀನಿ" ಎಂದೆ. ಯಾರಿಗೆ ಹೇಳುತ್ತಿದ್ದೆ? ಕತ್ತಲಲ್ಲಿ ಇವಳ ಕೈ ನನ್ನ ಮುಖವನ್ನೆಲ್ಲ ತಡಕಾಡಿ ಬಾಯಿಯ ಮೇಲೆ ನಿಂತಿತು. ಬೆರಳುಗಳು ತುಟಿಯನ್ನು ಬಿಡಲೇ ಇಲ್ಲ. ನನಗೆ ತಡೆಯಲಾಗಲಿಲ್ಲ, ಹೋಗಿ ಹಿತ್ತಲ ಬಾಗಿಲನ್ನು ತಳ್ಳಿದೆ. "ಮುಚ್ಚೇ ಬಾಗ್ಲು! ಗ್ರಹಣ ಇನ್ನೂ ಬಿಟ್ಟಿಲ್ಲ ಕಣೇ!" ಎಂದು ಅತ್ತೆ ಕೂಗಿದರು. ಹೊರಗಿನ ಮಂಕು ಬೆಳಕು ನನ್ನ ಮುಖದ ಮೇಲೆ ಬಿತ್ತು. ಕಿರುಚಾಟ ನಿಂತಿತು. ಇವಳು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ಬಾಯಿಯನ್ನು ನೋಡುತ್ತಿದ್ದಳು. "ಬಾ" ಎಂದೆ. ತನ್ನ ತುಟಿ ಕೂಡಿಸಿ ಬಿಡಿಸಿದಳು. ಸದ್ದಿಲ್ಲ, ಬರೀ ತುಟಿ. ಮತ್ತೆ "ಬಾ" ಎಂದೆ. ಮತ್ತೆ ಕೂಡಿಸಿ ಬಿಡಿಸಿದಳು.

ಬೆಳಕು ಎಂದರೆ ಅರಿವು ಎಂದು ಬರೆದಿದ್ದಿರಿ. ಅಣ್ಣಾ, ಬೆಳಕು ಅಂದರೆ ಬೆಳಕೇ.

ನಿಮ್ಮದು ತಪ್ಪಲ್ಲ. ನಾನೇ ಮುಚ್ಚಿಟ್ಟೆ. ಅದು ಮಠದ ಪುಸ್ತಕವಲ್ಲ. ಶಿವಲೀಲಳಿಗೆ ಕಿವಿ ಕೇಳುವುದಿಲ್ಲ. ಕೇಳದ ಮಕ್ಕಳಿಗೆ ತಾಯಿ ಮಾತು ಕಲಿಸುವುದು ಹೇಗೆ ಎಂದು ಮೈಸೂರಿನ ಡಾಕ್ಟರಮ್ಮ ಕೊಟ್ಟ ಪುಸ್ತಕ. ಐದು ತುಂಬುವುದರೊಳಗೆ ಎಂದಿದ್ದಾರೆ. ಮಲ್ಲಿಕಾಂಬಳ ಸಂಬಂಧ ಕೆಡಬಾರದೆಂದು ಹೇಳಲಿಲ್ಲ. ಈಗ ಹೇಳಿ ಕೆಡಿಸಿದೆನೇ? ಹೇಳದೆ ಆರು ತಿಂಗಳು ಕೆಡಿಸಿದೆನೇ? ಮಗುವಿನ ಗಲ್ಲ ಹಿಡಿದು ನನ್ನ ಮುಖದಿಂದ ಆಚೆಗೆ ತಿರುಗಿಸಿದವಳು ನಾನು.

ನಿನ್ನೆ ಹಗಲು ಅಡಿಗೆಮನೆಯಲ್ಲಿ ಪುಸ್ತಕ ಬಿಚ್ಚಿ ಮುಂದಿನ ಪುಟ ತಿರುವಿದೆ. ಅಲ್ಲಿ ಒಂದು ಚಿತ್ರವಿದೆ. ಕಿಟಕಿ, ಕಿಟಕಿಯ ಕಡೆಗೆ ಮುಖ ಮಾಡಿ ಕೂತ ತಾಯಿ, ಅವಳೆದುರು ಮಗು. ಕಿಟಕಿಯಿಂದ ತಾಯಿಯ ಮುಖಕ್ಕೆ ಗೆರೆ ಎಳೆದು ಬೆಳಕು ಎಂದು ಬರೆದಿದ್ದಾರೆ. ನಾನು ನಿಮ್ಮನ್ನು ಕೇಳಿದ ಮಾತಿನ ಅರ್ಥ ಮುಂದಿನ ಪುಟದಲ್ಲೇ ಇತ್ತು. ತಿರುವಲಿಲ್ಲ. ಅಪ್ಪ ತಿರುವುತ್ತಿರಲಿಲ್ಲ ಎಂದು ನಾನೂ ತಿರುವಲಿಲ್ಲ.

ಈಗ ಓದುವವಳೂ ನಾನೇ, ಅರ್ಥ ಹೇಳಿಕೊಳ್ಳುವವಳೂ ನಾನೇ. ಹೀಗೆ ಮಾಡಬಹುದೇ? ಒಬ್ಬರು ಮಾಡಬಹುದಾದ ಕೆಲಸವೇ ಇದು? ತಿಳಿಸಿ.


ಚೌಳಹಿರಿಯೂರು
6-4-1980

ಅಣ್ಣನವರಿಗೆ ಶರಣು.

ಯುಗಾದಿ ಕಳೆಯಿತು, ನಿಮ್ಮ ಉತ್ತರವಿಲ್ಲ. ಕಾಗದ ತಲುಪಲಿಲ್ಲವೇ? ತಲುಪಿ ಬೇರೆಯವರ ಕೈಗೆ ಸಿಕ್ಕಿತೇ? ಸಂಬಂಧ ತಪ್ಪಿತೇ? ಅತ್ತಿಗೆ ಅಳುತ್ತಿದ್ದಾರೆಯೇ? ಅಂಚೆಯವನು ಬೀದಿಗೆ ಬಂದರೆ ನಾನು ಒಳಗೆ ಹೋಗುತ್ತೇನೆ, ಅವನು ಮುಂದೆ ಹೋದರೆ ಹೊರಗೆ ಬಂದು ನೋಡುತ್ತೇನೆ.

ಉತ್ತರ ಬರುವ ತನಕ ಓದುವುದನ್ನು ನಿಲ್ಲಿಸಬೇಕೆಂದುಕೊಂಡೆ. ಆಗಲಿಲ್ಲ. ಪುಸ್ತಕ ಈಗ ಅಡಿಗೆಮನೆಯಲ್ಲೇ ಇದೆ. ರಟ್ಟಿಗೆ ಅರಿಶಿನ ಅಂಟಿದೆ. ಒಂದು ಪುಟ ಓದುತ್ತೇನೆ, ತಿಳಿಯುವುದಿಲ್ಲ. ಮಗುವಿನ ಜೊತೆ ಮಾಡಿ ನೋಡುತ್ತೇನೆ, ಬಂದು ಮತ್ತೆ ಅದೇ ಪುಟ ಓದುತ್ತೇನೆ. ಅಷ್ಟರಲ್ಲಿ ಅದೇ ಮಾತು ಬೇರೆಯಾಗಿ ಕಾಣುತ್ತದೆ. ಶಾಲೆಯಲ್ಲಿ ಎರಡನೆಯ ಸಲ ಕೇಳಿದರೆ ತಮ್ಮಯ್ಯ ಮೇಷ್ಟ್ರು ಕಿವಿ ಹಿಂಡುತ್ತಿದ್ದರು, ಅದಕ್ಕೇ ಕೇಳುವುದನ್ನು ಬಿಟ್ಟಿದ್ದೆ. ಈ ಪುಸ್ತಕಕ್ಕೆ ಸಿಡುಕಿಲ್ಲ. ಎಷ್ಟು ಸಲ ಹೋದರೂ ಅಷ್ಟೇ ಸಮಾಧಾನವಾಗಿ ಹೇಳುತ್ತದೆ. ಅದು ಹೇಳುವುದೆಲ್ಲ ನಮ್ಮ ಮನೆಗೆ ಹೊಂದುವುದಿಲ್ಲ. ಮೇಜಿನ ಪಕ್ಕ ಕುಳಿತುಕೊಳ್ಳಿ ಎನ್ನುತ್ತದೆ, ನಮ್ಮಲ್ಲಿ ಮೇಜೆಲ್ಲಿದೆ? ಬೀಸುಕಲ್ಲಿನ ಪಕ್ಕ ಕೂರುತ್ತೇವೆ.

ಹೋದ ವಾರ ಪೂರ್ತಿ ಗಾಬರಿ. ನಾನು ಎದೆ ಮುಟ್ಟಿಕೊಂಡು "ಅಮ್ಮ" ಎಂದರೆ ಇವಳು ಅಪ್ಪನ ಹತ್ತಿರ ಓಡುತ್ತಾಳೆ. ಕಲಿತದ್ದೆಲ್ಲ ತಪ್ಪೇ ಕಲಿತಳು ಎಂದು ಅತ್ತೇಬಿಟ್ಟೆ. ಆಮೇಲೆ ಒಂದು ಪುಟದಲ್ಲಿ, ಪ, ಬ, ಮ ಈ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ ಎಂದಿತ್ತು. ಸುಳ್ಳು ಎನ್ನಿಸಿತು. ಕನ್ನಡಿ ಮುಂದೆ ನಿಂತು ಅಪ್ಪ, ಅಮ್ಮ, ಅಪ್ಪ, ಅಮ್ಮ ಎಂದೆ. ನೀವೂ ಅಂದು ನೋಡಿ ಅಣ್ಣಾ. ತುಟಿಗೆ ನಾನೂ ಇವರೂ ಒಂದೇ. ಮಗು ಸರಿಯಾಗಿಯೇ ಓದಿತ್ತು.

ಹೂವು ಎಂದರೆ ದಾಸವಾಳ ಕಿತ್ತು ತರುತ್ತಾಳೆ. ಮೊನ್ನೆ ನಾನು ಒಲೆ ಊದಲು ಬಾಯಿ ಮಾಡಿದೆ, ಓಡಿ ಹೋಗಿ ಹೂ ತಂದು ಕೈಗಿಟ್ಟಳು. ಹಸಿ ಸೌದೆ, ಊದಿದಷ್ಟೂ ಹೂವು. ಗಿಡ ಬೋಳಾಯಿತು. ಅತ್ತೆಯವರಿಗೆ ನಗು ತಡೆಯಲಾಗದೆ ಬಾಗಿಲ ಬೆಳಕಿಗೆ ಬಂದು ನಿಂತು, "ಏ ತೀರ್ಥ, ನನ್ ಹಲ್ಲಿಲ್ದ್ ಬಾಯ್ನೂ ಓದ್ತಾಳೇನೇ ಇವ್ಳು? ಕೇಳೇ ಆ ಪುಸ್ತಕನ" ಎಂದರು.

ಓದುವ ಚಟಕ್ಕೆ ನಿಮ್ಮ ಡಿಸೆಂಬರಿನ ಕಾಗದವನ್ನೂ ಮತ್ತೆ ತೆಗೆದು ಓದಿದೆ. ಮಗುವನ್ನು ಕರೆತರಬೇಡ, ಆಯಾಸ ಎಂದು ಬರೆದಿದ್ದೀರಿ. ಪುಸ್ತಕದಲ್ಲಿ ಇಲ್ಲದ ಒಳಾರ್ಥ ಆ ಆಯಾಸದಲ್ಲಿ ಇತ್ತೇನೋ. ನನ್ನ ಅನುಮಾನವೇ ತಪ್ಪಿರಬಹುದು. ಇರಲಿ.

ಇನ್ನೊಂದು ಮಾತಿದೆ, ಬರೆಯಲು ಭಯ. ಮಗುವಿನೊಡನೆ ಮಾತಾಡುವ ಗಂಡಸರ ಮೀಸೆ ತುಟಿಯನ್ನು ಮುಚ್ಚಬಾರದಂತೆ. ಇವರು ಸಣ್ಣಗೆ ಕತ್ತರಿಸಿಕೊಂಡರು. ಹಿರಿಯರಿಗೆ ಹೇಳುವ ಮಾತಲ್ಲ. ಹೇಳಿದ್ದು ಪುಸ್ತಕ, ನಾನಲ್ಲ.


ತರೀಕೆರೆ
20-4-1980

ತಂಗಿ ತೀರ್ಥಮ್ಮನಿಗೆ ಪಂಚಾಕ್ಷರಪ್ಪನ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ಬಂದಿವೆ. ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಬೆಳಕು ಅಂದರೆ ಬೆಳಕೇ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಮಠದಲ್ಲಿ ಅರ್ಥ ಹೇಳಲು ಕೂತರೆ ನಾಲಿಗೆ ತೊಡರುತ್ತದೆ. ದೀಪ ಎಂದು ಬಂದರೆ ದೀಪ ಎನ್ನಲೇ, ಅರಿವು ಎನ್ನಲೇ? ಅಲ್ಲಿ ಒಳಾರ್ಥ ಇದ್ದೇ ಇದೆ, ಅದರಲ್ಲಿ ನನಗೆ ಸಂಶಯವಿಲ್ಲ. ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬುದರಲ್ಲಿ ಸಂಶಯ ಹುಟ್ಟಿದೆ.

ಅಜ್ಜಂಪುರಕ್ಕೆ ನಾನೇ ಹೋಗಿ ಶಿವಲೀಲಳ ವಿಷಯ ಹೇಳಿದೆ. ಬೀಗರು ಎಲೆ ಅಡಿಕೆ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಮನೇಲಿ ಮಾತಾಡ್ಕೊಂಡ್ ಹೇಳ್ತೀವಿ ಬಿಡಿ" ಎಂದರು. ಇನ್ನೂ ಹೇಳಿಲ್ಲ. ಆ ಮಾತಿಗೆ ಎಷ್ಟು ಅರ್ಥವಿದೆಯೋ ನನಗೆ ತಿಳಿಯದು. ನಿನ್ನ ಅತ್ತಿಗೆ ನನ್ನೊಡನೆ ಎರಡು ದಿನ ಮಾತು ಬಿಟ್ಟಳು. ಮಲ್ಲಿಕಾಂಬಳೇ, "ಹೇಳಿದ್ದು ಒಳ್ಳೇದಾಯ್ತು ಬಿಡಪ್ಪ. ಮುಚ್ಚಿಟ್ಟು ಹೋಗಿದ್ರೆ ಅಲ್ಲಿಗೆ ತೀರ್ಥತ್ತೆ ಬಂದಾಗೆಲ್ಲ ನಾನು ಬೆವರ್ಬೇಕಿತ್ತು" ಎಂದಳು. ಮದುವೆ ಆಗಲಿ ಬಿಡಲಿ, ಆ ಪುಸ್ತಕವನ್ನು ಒಂದು ಸಲ ಓದಲು ಕೊಡಬೇಕಂತೆ.

ನೀನು ಹೇಳಿದ ಹಾಗೆ ಕನ್ನಡಿ ಮುಂದೆ ಅಪ್ಪ, ಅಮ್ಮ ಎಂದು ನೋಡಿದೆ. ನನಗೆ ಏನೂ ಕಾಣಲಿಲ್ಲ, ಬರೀ ಮೀಸೆ ಅಲ್ಲಾಡಿತು. ನಿನ್ನೆ ತೆಗೆಸಿದೆ. ಪೂರ್ತಿ. ಬೀದಿಯವರೆಲ್ಲ ಅಂಗಡಿಯೊಳಗೆ ಇಣುಕಿ, "ಯಾರ್ ಹೋದ್ರು ಸಾವ್ಕಾರ್ರೆ?" ಎಂದು ಕೇಳಿದರು. ಪಕ್ಕದ ಅಂಗಡಿ ದೊಡ್ಡಬೀರಪ್ಪ, "ತಿರುಪ್ತಿಗೆ ಹೋಗಿ ಬರೀ ಮೀಸೆ ಕೊಟ್ಬಂದ್ರಾ?" ಎಂದ. "ಮಗು ಓದ್ಬೇಕಂತೆ ಕಣಪ್ಪ" ಎಂದೆ. ಅವನಿಗೆ ತಿಳಿಯಲಿಲ್ಲ.

ಈ ತಿಂಗಳ ಕೊನೆಯ ಸೋಮವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನಿಮ್ಮ ಮನೆಯಲ್ಲಿ ಆ ಹೊತ್ತಿಗೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ? ನಾನು ಎಲ್ಲಿ ಕೂರಬೇಕು, ಯಾವ ಕಡೆ ಮುಖ ಮಾಡಬೇಕು? ಮೊದಲು ಯಾವ ಮಾತು ಹೇಳಿದರೆ ಶಿವಲೀಲಳಿಗೆ ಸುಲಭ? ಪುಸ್ತಕ ನೋಡಿ ಬೇಗ ಬರೆದು ತಿಳಿಸು.